ಹನ್ನೊಂದನೆಯ ನಿಂಬೆಹಣ್ಣು

ಅಳವಂಡಿಯ ಪಂಪಾಪತಿ ಮಾಸ್ತರರು ಸೀಮೆಸುಣ್ಣ ಹಿಡಿದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಜನಗಣತಿಯಿಂದ ಹಿಡಿದು ಮಕ್ಕಳ ಮೊಟ್ಟೆಯವರೆಗೆ ಏನು ಬಂದರೂ ಅವರ ಹೆಗಲಿಗೇ. ದಣಿದಿದ್ದರು, ಪಾಪ. ಹೊಸದು ಎಂದರೆ ಮೈ ಉರಿಯುತ್ತಿತ್ತು. ಆದರೂ ಟ್ಯಾಬಿನಲ್ಲಿ ಲೆಕ್ಕದ ಆಟ ಮಾಡುತ್ತೇವೆಂದು ಒಂದು ಸಂಸ್ಥೆಯವರು ಸಲಹೆ ಕೇಳಲು ಬಂದಾಗ ಬಾಯಿ ಸುಮ್ಮನಿರಬೇಕಲ್ಲ!

"ರಾಕೆಟ್ಟು ಗೀಕೆಟ್ಟು ಬ್ಯಾಡ್ರಿ. ಸಂತಿ ಇಡ್ರಿ. ನಮ್ಮ ಹುಡುಗ್ರಿಗೆ ಸಂತಿ ಗೊತ್ತೈತಿ" ಎಂದುಬಿಟ್ಟರು.

ಇಟ್ಟರು. ಗಿರಾಕಿ ಹತ್ತು ನಿಂಬೆಹಣ್ಣು ಕೇಳುತ್ತಾನೆ, ಮಗು ಎಣಿಸಿ ಬುಟ್ಟಿಗೆ ಹಾಕಬೇಕು. ಕಲಿಕೆಯ ಗುರಿ, ಇಪ್ಪತ್ತರವರೆಗೆ ತಪ್ಪಿಲ್ಲದೆ ಎಣಿಸುವುದು.

ಎರಡನೇ ತರಗತಿಯ ಅಮೃತಾಗೆ ಬಂದದ್ದು ಸೊನ್ನೆ. ಸಂತೆಯಲ್ಲಿ ಅಜ್ಜಿ ಮಾರೆವ್ವನ ಪಕ್ಕ ಕೂತು ನಿಂಬೆಹಣ್ಣು ಪಟಪಟ ಎಣಿಸಿ ಕೊಡುವ ಹುಡುಗಿ! ಟ್ಯಾಬು ಅವಳನ್ನು ಎಣಿಕೆ ಬಾರದವರ ಪಟ್ಟಿಗೆ ಹಾಕಿತು. ಇನ್ನೊಮ್ಮೆ ಸೊನ್ನೆಯಾದರೆ ಒಂದನೇ ತರಗತಿಯ ಮಕ್ಕಳ ಜೊತೆ ಕೂರಿಸಬೇಕಂತೆ.

ಮಾಸ್ತರರು ಪಕ್ಕದಲ್ಲೇ ಕೂತು ನೋಡಿದರು. ಹತ್ತನ್ನು ಸರಿಯಾಗಿಯೇ ಎಣಿಸಿದಳು. ಆಮೇಲೆ ಇನ್ನೊಂದು ಹಾಕಿದಳು. ಟ್ಯಾಬು ಕುಂಯ್ ಎಂದಿತು.

"ಹನ್ನೊಂದು ಯಾಕವ್ವಾ?"

"ಕೊಸರು ರೀ ಸರ್. ಕೊಸರು ಹಾಕಲಾರದ ಹೆಂಗ ಕೊಡೋದ್ರಿ?"

ಅಯ್ಯೋ ಶಿವನೇ! ಸಂತೆ ಬೇಕೆಂದವರು ತಾವು. ಎಣಿಸಿದ ಮೇಲೆ ಪ್ರೀತಿಗೊಂದು ಹೆಚ್ಚು ಹಾಕುತ್ತಾರೆಂಬುದನ್ನು ಮರೆತವರೂ ತಾವೇ. ಸಂಸ್ಥೆಯ ಕೊಪ್ಪಳ ಆಫೀಸಿನ ಕವಿತಾಗೆ ಫೋನು ಹಚ್ಚಿ ಕೊಸರಿನ ಸಂಗತಿ ಹೇಳಿದರು.

"ಹುಡುಗಿಗೆ ಎಣಿಸಾಕ ಬರ್ತೈತ್ರಿ ಮೇಡಂ. ನಿಮ್ಮ ಆಟಕ್ಕ ತಿಳೀವಲ್ದು."

"ಖರೆ ಐತ್ರಿ ಸರ್. ಆದ್ರ ಆಟ ತಿದ್ದೋದು ಮುಂದಿನ ವರ್ಷಾನ. ಸದ್ಯ ಹತ್ತಂದ್ರ ಹತ್ತ ಹಾಕಸ್ರಿ."

ವಾದಿಸುವ ತ್ರಾಣ ಎಲ್ಲಿತ್ತು? "ಕೊಸರು ಹಾಕಬ್ಯಾಡವ್ವಾ. ಹಾಕಿದ್ರ ತಪ್ಪು" ಎಂದರು. ಹುಡುಗಿ ಅವರ ಮುಖವನ್ನೇ ಒಂದು ಗಳಿಗೆ ನೋಡಿ ತಲೆಯಾಡಿಸಿದಳು. ಇಪ್ಪತ್ತಕ್ಕೆ ಇಪ್ಪತ್ತು ಅಂಕ ಬಂತು, ಪಟ್ಟಿಯಿಂದ ಹೆಸರು ಹೋಯಿತು. ಮಾಸ್ತರರಿಗೆ ಹೆಗಲಿನ ಭಾರ ಒಂದಿಷ್ಟು ಇಳಿದಂತಾಯಿತು.

ಸಂತೆಯ ದಿನ ಮಾರೆವ್ವನ ಮುಂದೆ ಚೀಲ ಹಿಡಿದು ನಿಂತರು. ಅಮೃತಾ ಹತ್ತು ಹಣ್ಣು ಎಣಿಸಿ ಹಾಕಿ ಕೈ ಒರೆಸಿಕೊಂಡಳು.

"ಏ, ಸರ್ರಿಗೆ ಕೊಸರು ಹಾಕ" ಎಂದು ಮಾರೆವ್ವ ಗದರಿದಳು.

"ಹಾಕಿದ್ರ ತಪ್ಪಂತ ಆಯೀ. ಸಾಲ್ಯಾಗ ಹೇಳ್ಯಾರ."

ಮಾರೆವ್ವನಿಗೆ ಸಿಟ್ಟು ಬಂತು. "ಇಂಥಾದ್ದನ್ನ ಯಾರ ಕಲಿಸ್ಯಾರ್ರಿ ಸರ್ ನನ್ನ ಮೊಮ್ಮಗಳಿಗೆ?" ಎನ್ನುತ್ತ ತಾನೇ ದೊಡ್ಡದೊಂದು ಹಣ್ಣು ಆರಿಸಿ ಅವರ ಚೀಲಕ್ಕೆ ಹಾಕಿದಳು.

ಮಾಸ್ತರರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಮೃತಾ ಅವರನ್ನೇ ನೋಡುತ್ತಿದ್ದಳು.

"ನಾನ ಕಲಿಸೀನಬೇ" ಎಂದರು.