ಕುರಿ ಬರುವ ಹೊತ್ತಿನವರೆಗೆ ಖೊ-ಖೊ

ನನ್ನ ಮೊಮ್ಮಗಳು ಈಗ ಒಂದು ಖೊ-ಖೊ ಟೀಮಿನಲ್ಲಿದ್ದಾಳೆ. ಇದನ್ನು ಹೇಳುವುದಕ್ಕೆ ನನಗೆ ನೆಪವೇ ಬೇಡ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದ್ದೇನೆ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಹೇಳಿದ್ದೇನೆ, ಕಣ್ಣಿನ ಡಾಕ್ಟರಿಗೂ ಹೇಳಿದ್ದೇನೆ. ಅವರು ನನ್ನ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಿದ್ದರು, ನಾನು ಆಟದ ಕತೆ ಹೇಳುತ್ತಿದ್ದೆ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಬರೆಯಲು ಕೂತರೆ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ. ಆದರೂ ಬರೆಯುತ್ತೇನೆ.

ನಮ್ಮದು ಕುರಿ ಸಾಕುವ ಮನೆ, ದೊಡ್ಡಉಳ್ಳಾರ್ತಿ ಕಡೆ, ಕಾವಲು ಎನ್ನುವ ಹುಲ್ಲುಗಾವಲಿನ ಅಂಚಿನ ಹಟ್ಟಿ. ಬೆಳಿಗ್ಗೆ ಮಗ ಕುರಿ ಹೊಡೆದುಕೊಂಡು ಹೋಗುತ್ತಾನೆ, ಸೊಸೆ ಕೂಲಿಗೆ ಹೋಗುತ್ತಾಳೆ. ಎಳೆಮರಿಗಳನ್ನು ಮೇಯಲು ಕಳಿಸುವುದಿಲ್ಲ. ಅವು ಮುಳ್ಳುಬೇಲಿಯ ರೊಪ್ಪದೊಳಗೆ ನನ್ನ ಜೊತೆ ಉಳಿಯುತ್ತವೆ. ಸಂಜೆ ತಾಯಿಕುರಿಗಳು ಕೆಚ್ಚಲು ತುಂಬಿಕೊಂಡು ಬಂದಾಗ ಒಂದೊಂದು ಮರಿಯನ್ನೂ ಅದರ ತಾಯಿಗೇ ಬಿಡಬೇಕು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಗಟ್ಟಿ ಮರಿ ಎರಡು ಕುರಿಯ ಹಾಲು ಕುಡಿಯುತ್ತದೆ, ಬಡಕಲು ಮರಿ ಗುದ್ದಿಸಿಕೊಂಡು ಹಸಿದು ಮಲಗುತ್ತದೆ. ಮಗ ಬಾಗಿಲಲ್ಲಿ ಕುರಿಗಳನ್ನು ತಡೆದು ನಿಲ್ಲಬೇಕು, ಹಾಗಾಗಿ ಮೊದಲೆಲ್ಲ ಈ ಕೆಲಸ ನನ್ನದೇ. ಕಣ್ಣು ಮಂಜಾದ ಮೇಲೆ ನನಗೆ ಎಲ್ಲ ಮರಿಯೂ ಒಂದೇ ಮರಿ. ಏಳನೇ ಕ್ಲಾಸಿನ ಮೊಮ್ಮಗಳು ಸ್ಕೂಲಿಂದ ಬಂದು ಚೀಲ ಬಿಸಾಕಿ ರೊಪ್ಪಕ್ಕೆ ಇಳಿದರೆ ಆಯಿತು, ಯಾವುದು ಯಾರ ಮರಿ ಎಂದು ಅವಳಿಗೆ ದೂರದಿಂದಲೇ ಗೊತ್ತು.

ಅವಳು ಓಡುವುದನ್ನು ನೋಡಿದ ಸ್ಕೂಲಿನ ಪಿ.ಟಿ. ಮೇಷ್ಟ್ರು, ಇವಳನ್ನು ಎಲ್ಲಾದರೂ ಒಂದು ಖೊ-ಖೊ ಟೀಮಿಗೆ ಸೇರಿಸಿ ಎಂದು ಹೇಳಿ ಕಳಿಸಿದರು. ಅವಳು ಅದನ್ನು ನನಗೆ ಹೇಳಿದ್ದು ಮರಿ ಕುಡಿಸುತ್ತಾ, ನನ್ನ ಮುಖ ನೋಡದೆ. ಹೇಳಿದವಳು ಉತ್ತರವನ್ನೂ ತಾನೇ ಕೊಟ್ಟುಕೊಂಡಳು.

"ಬ್ಯಾಡ ಬಿಡಜ್ಜಿ. ಸಾಯಂಕಾಲ ನಾನು ಆಡಾಕೆ ಹೋದ್ರೆ ಮರಿ ಕುಡಿಸೋರು ಯಾರು?"

ಹನ್ನೆರಡು ವರ್ಷದ ಕೂಸು ಮನೆಯ ಹಿರಿಯಳ ಹಾಗೆ ಮಾತಾಡಿತು. ನನಗೆ ಸಂಕಟವಾಯಿತು. ನನ್ನ ಕಣ್ಣಿನ ಮಂಜು ಅವಳ ಸಂಜೆಯನ್ನು ತಿನ್ನುತ್ತಿದೆಯಲ್ಲ ಅನ್ನಿಸಿತು. ಟೀಮು ನಾನು ಹುಡುಕುತ್ತೇನೆ, ನೀನು ಸುಮ್ಮನಿರು ಎಂದೆ.

ಮೊದಲು ಚಳ್ಳಕೆರೆಗೆ ಹೋದೆವು, ಶನಿವಾರ ಸ್ಕೂಲು ಬಿಟ್ಟ ಮೇಲೆ. ಮೈದಾನದಲ್ಲಿ ಹುಡುಗಿಯರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಸಾಲಾಗಿ ಕೂತಿದ್ದರು. ಕಲಿಸುವ ಮೇಷ್ಟ್ರು ಒಳ್ಳೆಯ ಮನುಷ್ಯ, ನನಗೆ ಕುರ್ಚಿ ತರಿಸಿದರು. ಮಗುವನ್ನು ಎರಡು ಸುತ್ತು ಓಡಿಸಿ ನೋಡಿ ತಲೆದೂಗಿದರು. ನನ್ನ ಎದೆ ಅಷ್ಟಕ್ಕೇ ಉಬ್ಬಿತು. ಆಮೇಲೆ ಹೇಳಿದರು: ವಾರಕ್ಕೆ ಆರು ದಿನ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಊರು ದೂರವಾದರೆ ಟೌನಿನಲ್ಲಿ ನೆಂಟರ ಮನೆಯಲ್ಲಿ ಬಿಡಿ. ಕುರಿ ಬರುವ ಹೊತ್ತಿಗೆ ಮನೆಗೆ ಕಳಿಸುವುದಕ್ಕೆ ಆಗುತ್ತದೆಯೇ ಎಂದು ಕೇಳಿದೆ. ಸಾಲಿನಲ್ಲಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ, ಆದರೆ ಆಗುವುದಿಲ್ಲ ಎಂದರು. ಅವರ ತಪ್ಪೇನೂ ಇಲ್ಲ. ಅವರ ಆಟಕ್ಕೆ ಅಷ್ಟು ಹೊತ್ತು ಬೇಕು, ನಮ್ಮ ಹತ್ತಿರ ಅಷ್ಟು ಹೊತ್ತು ಇರಲಿಲ್ಲ. ಬಸ್ಸಿನಲ್ಲಿ ಅವಳು ಮಂಡಕ್ಕಿ ತಿನ್ನುತ್ತಾ ಕಿಟಕಿಯ ಕಡೆ ನೋಡಿಕೊಂಡೇ ಇದ್ದಳು. ಕಾಲು ಮಾತ್ರ ಸೀಟಿನ ಕೆಳಗೆ ಆಡುತ್ತಲೇ ಇತ್ತು.

ಆಮೇಲೆ ಮೊಳಕಾಲ್ಮೂರು. ಅಲ್ಲಿ ನನ್ನ ತಂಗಿ ಇದ್ದಾಳೆ. ತೆಲುಗು ಮಾತಾಡುವ ಮನೆಗೆ ಕೊಟ್ಟದ್ದರಿಂದ ಅವಳ ಬಾಯಲ್ಲಿ ಎರಡೂ ಭಾಷೆ ಕಲಸಿಹೋಗಿದೆ. ಭಾನುವಾರ ಮಾತ್ರ ಆಡುವ ಟೀಮೊಂದು ಇದೆ ಎಂದು ಫೋನು ಮಾಡಿದ್ದಳು. ಎರಡು ಬಸ್ಸು ಬದಲಾಯಿಸಿ ಹೋದೆವು. ಹೋಗಿ ನೋಡಿದರೆ ಆಟ ಶುರುವಾಗುವುದೇ ಮಧ್ಯಾಹ್ನ ಮೂರಕ್ಕೆ. ಆಡಿ, ಬಸ್ಸು ಹಿಡಿದು ಮನೆ ಮುಟ್ಟುವಾಗ ಮರಿಗಳು ಹಸಿದು ಅರಚಿ ಸುಮ್ಮನಾಗಿರುತ್ತವೆ. ತಂಗಿ ಅನ್ನ ಬಡಿಸುತ್ತಾ ನನ್ನ ಸಪ್ಪೆ ಮುಖ ನೋಡಿದಳು.

"ಪೋನೀಲೇ ಅಕ್ಕಾ, ಹೋಗ್ಲಿ ಬಿಡು. ಆ ಕೂಸು ಓಡಿದ್ದಕ್ಕಿಂತ ನೀನು ಬಸ್ಸಿನ ಹಿಂದೆ ಓಡಿದ್ದೇ ಜಾಸ್ತಿ ಆತು. ನಿನ್ನೇ ಟೀಮಿಗೆ ಹಾಕಾನ ತಗಾ."

ಮೊಮ್ಮಗಳು ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕಳು, ಕೆಮ್ಮು ಬರುವ ಹಾಗೆ. ಎಷ್ಟೋ ದಿನದ ಮೇಲೆ ಅವಳು ಹಾಗೆ ನಕ್ಕದ್ದು.

ನಮ್ಮ ಹಟ್ಟಿಯ ಮುಂದಿನ ಹಳ್ಳ ದಾಟಿದರೆ ಇನ್ನೊಂದು ಹಟ್ಟಿ. ಅಲ್ಲಿಗೆ ಮದುವೆಯಾಗಿ ಬಂದ ಸೊಸೆಯೊಬ್ಬಳು ಅಲ್ಲಿನ ಸ್ಕೂಲಿನ ಬಯಲಲ್ಲಿ ಹುಡುಗಿಯರನ್ನು ಸೇರಿಸಿಕೊಂಡು ಆಡಿಸುತ್ತಾಳೆ ಎಂದು ಕೇಳಿದ್ದೆ. ಮಕ್ಕಳ ಆಟ ಅಂದುಕೊಂಡಿದ್ದೆ. ಟೀಮು ಅಂದರೆ ಟೌನಿನಲ್ಲೇ ಇರುತ್ತದೆ ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಶೇಂಗಾ ಕಾಯಿ ಬಿಡಿಸಲು ನನ್ನ ಸೊಸೆಯ ಜೊತೆ ಹೋಗುವ ಹೆಂಗಸರೇ ಹೇಳಿದರು, ಅದೂ ಟೀಮೇ, ಆ ಹುಡುಗಿ ಕಾಲೇಜಿನಲ್ಲಿ ಚೆನ್ನಾಗಿ ಆಡಿದವಳು, ಹೋಗಿ ಕೇಳು ಎಂದು.

ಹೋದೆ. ಅವಳು ಅಂಗಳದಲ್ಲಿ ಈರುಳ್ಳಿ ಹರವುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೊಳೆತದ್ದನ್ನು ಆರಿಸಿ ಹಾಕುತ್ತಾ ಮಾತಿಗೆ ಇಳಿದೆ. ಮಂಗಳವಾರ, ಗುರುವಾರ ಸ್ಕೂಲು ಬಿಟ್ಟ ಮೇಲೆ, ಭಾನುವಾರ ಬೆಳಿಗ್ಗೆ, ಅಷ್ಟೇ ಎಂದಳು. ಸಂಜೆ ಎಷ್ಟು ಹೊತ್ತಿನ ತನಕ ಎಂದರೆ, ನಿಮಗೆ ಎಷ್ಟು ಹೊತ್ತಿನ ತನಕ ಆಗುತ್ತದೆ ಎಂದು ನನ್ನನ್ನೇ ಕೇಳಿದಳು. ಹೆದರುತ್ತಲೇ ಕುರಿ ಬರುವ ಹೊತ್ತಿನವರೆಗೆ ಎಂದೆ. ಅವಳು ನಗಲಿಲ್ಲ. ಕುರಿ ಯಾವ ದಿಕ್ಕಿಗೆ ಹೋಗುತ್ತವೆ ಎಂದು ಕೇಳಿದಳು. ಕಾವಲಿನ ಒಂದು ಭಾಗಕ್ಕೆ ಕಾಂಪೌಂಡ್ ಗೋಡೆ ಬಂದ ಮೇಲೆ ಕೆರೆ ಅಂಗಳ ಸುತ್ತಿ ಬರುತ್ತವೆ, ಆರು ಗಂಟೆ ಆಗುತ್ತದೆ ಎಂದೆ.

"ಹಂಗಾದ್ರೆ ಐದೂ ಮುಕ್ಕಾಲಿಗೆ ಬಿಡ್ತೀನಿ ಬಿಡ್ರಿ ಅಜ್ಜಿ. ನಮ್ಮವ್ವನ ಮನೇಲೂ ಕುರಿ ಅದಾವೆ."

ನಾನು ಅವಳ ಗಲ್ಲ ಹಿಡಿದು ಮುತ್ತಿಟ್ಟೆ. ಈರುಳ್ಳಿಯ ಕೈ ಎಂದು ಆಮೇಲೆ ನೆನಪಾಯಿತು. ಅವಳದು ಒಂದೇ ಮಾತು: ದಿನ ಕಡಿಮೆ, ಆದ್ದರಿಂದ ತಪ್ಪಿಸಬಾರದು, ಅರ್ಧಕ್ಕೆ ಎದ್ದು ಹೋಗಬಾರದು, ಒಬ್ಬಳು ಎದ್ದರೆ ಉಳಿದ ಎಂಟು ಜನರ ಆಟವೂ ಕೆಡುತ್ತದೆ. ನಾನು ಒಪ್ಪಿಕೊಂಡೆ.

ಮೂರು ವಾರ ಚೆನ್ನಾಗಿ ನಡೆಯಿತು. ಒಂದು ಗುರುವಾರ ಪಡುವಲಿಗೆ ಮೋಡ ಕವಿದು, ಮಗ ಐದಕ್ಕೇ ಕುರಿ ಹೊಡೆದುಕೊಂಡು ಬಂದ. ಹೊರಗೆ ತಾಯಿಗಳ ಕೂಗು, ಒಳಗೆ ಮರಿಗಳ ಕೂಗು. ನನಗೆ ಗಾಬರಿಯಾಯಿತು. ನಲವತ್ತು ವರ್ಷದಿಂದ ಮಾಡಿದ್ದನ್ನೇ ಮಾಡಿದೆ: ಬಾಯಿಗೆ ಕೈ ಅಡ್ಡ ಹಿಡಿದು ಬ್ರ್ರ್ರ್ ಬಾ ಬಾ ಬಾ ಎಂದು ಮರಿಗಳನ್ನು ಕರೆದೆ. ಗಾಳಿ ಹಳ್ಳದ ಕಡೆಗೆ ಬೀಸುತ್ತಿತ್ತು.

ಆ ಹೊತ್ತಿಗೆ ಬಯಲಲ್ಲಿ ಅವಳು ಒಬ್ಬಳನ್ನು ಅಟ್ಟಿಸಿಕೊಂಡು ಓಡುತ್ತಿದ್ದಳಂತೆ. ಖೊ-ಖೊದಲ್ಲಿ ಅಟ್ಟಿಸುವವಳು ಒಂದು ದಿಕ್ಕು ಹಿಡಿದರೆ ಹಿಂದಕ್ಕೆ ತಿರುಗುವ ಹಾಗಿಲ್ಲ. ನನ್ನ ಕೂಗು ಕೇಳಿ, ಕುರಿ ಬಂದವೆಂದು ಇವಳು ತಿರುಗಿಯೇ ಬಿಟ್ಟಳು. ಫೌಲೆಂದು ಸೀಟಿ ಊದುವಷ್ಟರಲ್ಲಿ ಹಳ್ಳಕ್ಕೆ ಇಳಿದಾಗಿತ್ತು. ರೊಪ್ಪದ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತವಳನ್ನು ಆಟ ಮುಗಿಯಿತೇ ಎಂದು ಕೇಳಿದೆ. ಅವಳು ಒಂದು ಮರಿ ಎತ್ತಿಕೊಂಡಳು. ಅದರ ಮೈಗೆ ಮುಖ ಒರೆಸಿಕೊಂಡದ್ದು ನನ್ನ ಮಂಜುಗಣ್ಣಿಗೂ ಕಂಡಿತು.

ಬೆಳಿಗ್ಗೆ ಎದ್ದವಳೇ ಹಳ್ಳ ದಾಟಿ ಆಟ ಕಲಿಸುವವಳ ಮನೆಗೆ ಹೋದೆ. ಟೀಮಿನಿಂದ ತೆಗೆದೇಬಿಟ್ಟರು ಎಂದೇ ಎಣಿಸಿದ್ದೆ. ತಪ್ಪು ಕೂಸಿನದಲ್ಲ, ನನ್ನ ಬಾಯಿಯದು ಎಂದು ಹೇಳಿಕೊಂಡೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ತೆಗೆಯಲ್ಲ ಅಜ್ಜಿ. ಆದ್ರೆ ಆ ಹೊತ್ತಿಗೆ ಮರಿ ಚಿಂತೆ ಅವಳ ತಲೆಯಿಂದ ನೀವೇ ತೆಗೀಬೇಕು. ಅವಳ ಕೈಲಿ ಆಗಲ್ಲ ಅದು."

ಅವತ್ತಿನಿಂದ ನಾನು ಮೊಮ್ಮಗಳ ಶಿಷ್ಯೆಯಾದೆ. ನನ್ನ ಕಣ್ಣು ಮುಚ್ಚಿಸಿ ಕೂರಿಸಿ ಒಂದೊಂದೇ ಮರಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಸೀಳುಕಿವಿಯದು ಯಾರದ್ದು, ಗೊಗ್ಗರು ದನಿಯದು ಯಾರದ್ದು, ಬೆನ್ನಿನ ಉಣ್ಣೆ ಸುರುಳಿ ಬಿದ್ದದ್ದು ಯಾರದ್ದು. ತಪ್ಪು ಹೇಳಿದರೆ ನನ್ನ ಕೈ ಮೇಲೆ ಮೆಲ್ಲಗೆ ಒಂದೇಟು. ಮತ್ತೆ ಮುಟ್ಟಿ ನೋಡಜ್ಜಿ ಎಂದು ಗದರಿಕೆ. ಇದನ್ನೆಲ್ಲ ಅವಳಿಗೆ ಕಲಿಸಿದವಳು ನಾನು. ಅವಳ ಕೈಯಲ್ಲಿ ಏಟು ತಿನ್ನುವುದು ಎಷ್ಟು ಸುಖವಾಗಿತ್ತೆಂದರೆ ಒಂದೆರಡು ಸಲ ಬೇಕೆಂದೇ ತಪ್ಪು ಹೇಳಿದೆ.

ಮುಂದಿನ ಗುರುವಾರವೂ ಮೋಡ, ಅವತ್ತೂ ಕುರಿ ಬೇಗ ಬಂದವು. ಮಗ ಅವಳನ್ನು ಕೂಗವ್ವ ಎಂದ. ಕೂಗುವುದಿಲ್ಲ, ನೀನು ಬಾಗಿಲು ಹಿಡಿದುಕೋ ಎಂದೆ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ, ಅಭ್ಯಾಸದಿಂದ ಬಾಯಿ ತೆರೆದುಬಿಟ್ಟೀತೆಂದು. ನಾಲ್ಕು ನಾಲ್ಕೇ ಮರಿಗಳನ್ನು ಕಿವಿ ಸವರಿ, ಬೆನ್ನು ಸವರಿ ಬಿಟ್ಟೆ. ಒಂದು ಮರಿ ಮಾತ್ರ ಯಾರದೆಂದು ತಿಳಿಯಲಿಲ್ಲ. ಎರಡು ಕುರಿ ಮೂಸಿ ಗುದ್ದಿದವು. ಮೂರನೆಯದು ಮೂಸಿ, ಕಾಲು ಅಗಲಿಸಿ ನಿಂತಿತು. ಹಳ್ಳದಾಚೆ ಸೀಟಿಯ ಸದ್ದು ಕೇಳುತ್ತಲೇ ಇತ್ತು.

ಅವಳು ತನ್ನ ಹೊತ್ತಿಗೆ ಬಂದಳು, ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು. ಕುರಿ ಆಗಲೇ ಒಳಗಿರುವುದನ್ನು ಕಂಡು ನೇರ ರೊಪ್ಪಕ್ಕೆ ನುಗ್ಗಿದಳು. ಒಂದೊಂದು ಮರಿಯ ಹೊಟ್ಟೆಗೂ ಅಂಗೈ ಇಟ್ಟು ನೋಡಿದಳು, ಒಂದನ್ನೂ ಬಿಡದೆ. ನಾನು ಪರೀಕ್ಷೆ ಬರೆದವಳ ಹಾಗೆ ನಿಂತಿದ್ದೆ.

"ಎಲ್ಲಾವೂ ಕುಡಿದಾವಜ್ಜಿ," ಅಂದಳು ಮೆಲ್ಲಗೆ. ಅಲ್ಲೇ ಕೂತಳು. ಆಮೇಲೆ ಮಾತು ಹಳ್ಳ ಬಂದ ಹಾಗೆ ಬಂತು. ಅವತ್ತು ಮೂರು ಜನರನ್ನು ಔಟ್ ಮಾಡಿದ್ದಳಂತೆ. ಕಡ್ಡಿ ತಗೊಂಡು ನೆಲದ ಮೇಲೆ ಗೆರೆ ಎಳೆದು, ಯಾರು ಎಲ್ಲಿ ಕೂತಿದ್ದರು, ಯಾವ ಕಂಬ ಸುತ್ತಿದಳು, ಯಾರ ಬೆನ್ನು ಮುಟ್ಟಿ ಖೊ ಕೊಟ್ಟಳು ಎಂದು ತೋರಿಸಿದಳು. ನನಗೆ ಗೆರೆಯೂ ಸರಿಯಾಗಿ ಕಾಣಲಿಲ್ಲ, ಆಟವೂ ಅರ್ಧ ತಿಳಿಯಲಿಲ್ಲ. ಮೊದಲಿಂದ ಇನ್ನೊಂದು ಸಲ ಹೇಳು ಎಂದೆ. ಅವಳು ಗೆರೆಗಳನ್ನು ಅಳಿಸಿ ಹೊಸದಾಗಿ ಎಳೆದು, ಮೊದಲಿಂದ ಹೇಳತೊಡಗಿದಳು.