ಮುಳ್ಳು ನಾಲ್ಕು ದಾಟಿದಾಗ

ಐದಾರು ವರ್ಷಗಳ ಹಿಂದೆ ನಾನು ಹುಮನಾಬಾದಿನ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯಲ್ಲಿ ಉತ್ಪಾದನಾ ಮುಖ್ಯಸ್ಥನಾಗಿದ್ದೆ. ಬಸವಕಲ್ಯಾಣದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಲೆಕ್ಕದಲ್ಲಿ ನನ್ನ ಮಾತೇ ಕೊನೆ ಎಂಬ ಸೊಕ್ಕು ನನಗಿತ್ತು.

ಅಡುಗೆ ಸೋಡಾ ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಸಮಪಾಲಿನಲ್ಲಿ ಹೊರಡುತ್ತವೆ. ಒಂದು ದಿನ ಅದನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಸ್ಟೀಮಿನಿಂದ ಕಾಯಿಸುವ ಪ್ರಯೋಗವಿತ್ತು. ಪಾತ್ರೆ ತಾಳುವುದು ಐದು ಬಾರ್ ಒತ್ತಡ. ಕೈಪಿಡಿಯ ಕೋಷ್ಟಕದಲ್ಲಿ ಸಮೀಕರಣವನ್ನು ಒಂದು ಮೋಲ್ ಸೋಡಾಕ್ಕೆ ಬರೆದಿದ್ದರು. ಬಲಗಡೆಯೆಲ್ಲ ಅರ್ಧ, ಅರ್ಧ. ಅರ್ಧ ಅಣು ಕಂಡವರು ಯಾರು ಎಂದು ಗೊಣಗಿ ಎಲ್ಲವನ್ನೂ ಎರಡರಿಂದ ಗುಣಿಸಿಕೊಂಡೆ. ಅನಿಲಗಳ ಒತ್ತಡ ಎಲ್ಲಿಗೆ ನಿಲ್ಲುತ್ತದೆಂದು ಹೇಳುವ ಸಮತೋಲನ ಸ್ಥಿರಾಂಕ ಮೂರು ಎಂದಿದ್ದದ್ದನ್ನು ಮಾತ್ರ ಹಾಗೇ ಬಿಟ್ಟೆ. ಅದರ ವರ್ಗಮೂಲ ತೆಗೆದರೆ ಒಂದೊಂದು ಅನಿಲಕ್ಕೆ ಸುಮಾರು ಒಂದೂ ಮುಕ್ಕಾಲು, ಒಟ್ಟು ಒತ್ತಡ ಮೂರೂವರೆ ಬಾರ್ ಎಂದು ಬಂತು. ಒತ್ತಡ ಮಿತಿಮೀರಿದರೆ ಹೊರಬಿಡುವ ಸುರಕ್ಷತಾ ವಾಲ್ವ್ ಸೋರುತ್ತಿತ್ತು. ಇಷ್ಟಕ್ಕೆ ಅದೇಕೆ ಎಂದು ಕಳಚಿಸಿ, ಆ ಜಾಗಕ್ಕೆ ತಗಡು ಬಿಗಿಸಿದೆ.

ಪಾತ್ರೆಯ ಬಳಿ ನಿಂತಿದ್ದವನು ಮುಡಬಿಯ ಶರಣಪ್ಪ, ಹನ್ನೆರಡು ವರ್ಷದ ಹಳೆಯ ಆಪರೇಟರ್. ನಮ್ಮಲ್ಲಿ ಒತ್ತಡದ ಮೀಟರಿನ ಮುಳ್ಳು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಬೆರಳಿನಿಂದ ಎರಡು ಸಲ ಬಡಿದು ನೋಡುವುದು ರೂಢಿ. ಅವನು ಬಡಿದ. ಮುಳ್ಳು ಇಳಿಯಲಿಲ್ಲ.

"ಸಾಹೇಬ್ರ, ನಾಲ್ಕು ದಾಟಾಕತ್ತದ್ರಿ. ಸ್ಟೀಮ್ ಬಂದ್ ಮಾಡ್ಲೇನ್ರಿ?"

"ಮೀಟರ್ ಖರಾಬ್ ಅದ. ಮೂರೂವರೆ ಮ್ಯಾಲ ಹೋಗೂದೇ ಇಲ್ಲ. ನಡೀಲಿ."

ಲೆಕ್ಕದ ಕಾಗದ ತರಲು ನಾನು ಕಚೇರಿಗೆ ಹೋದೆ. ಅದನ್ನು ಹುಡುಕುತ್ತಿದ್ದಾಗ, ಒತ್ತಡ ಐದನ್ನೂ ದಾಟಿ, ಬೆನ್ನ ಹಿಂದೆ ಪಾತ್ರೆಯ ಮುಚ್ಚಳ ಸಿಡಿದು ಸೂರಿನ ತಗಡು ಸೀಳಿತು. ಶರಣಪ್ಪನ ಬಲಗೈ ಮೊಣಕೈ ಕೆಳಗೆ ತುಂಡಾಗಿ ಚರ್ಮದಲ್ಲಿ ಜೋತಿತ್ತು. ಬೆಂದ ಮುಖದ ಮೇಲೆ ಬಿಳಿ ಪುಡಿ, ಪುಡಿಯ ಮೇಲೆ ರಕ್ತ. ಕೂಗಲು ಬಾಯಿ ತೆರೆದವನಿಗೆ ದನಿಯೇ ಹೊರಡಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಅವನ ಅಣ್ಣ ನನ್ನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ. ಎರಡು ಹಲ್ಲು ಹೋದವು. ನಾನು ಕೈ ಎತ್ತಲಿಲ್ಲ, ಎತ್ತುವ ಮುಖವೂ ಇರಲಿಲ್ಲ.

ಮರುದಿನ ಊದಿದ ಬಾಯಲ್ಲೇ ಕುಳಿತು ಲೆಕ್ಕ ತಿರುವಿದೆ. ಸಮೀಕರಣ ಇಮ್ಮಡಿಯಾದರೆ ಮುಕ್ತಶಕ್ತಿಯ ಬದಲಾವಣೆಯೂ ಇಮ್ಮಡಿಯಾಗುತ್ತದೆ, ಸ್ಥಿರಾಂಕ ವರ್ಗವಾಗುತ್ತದೆ. ಮೂರಲ್ಲ, ಒಂಬತ್ತು. ಅದರ ವರ್ಗಮೂಲ ಒಂದೊಂದು ಅನಿಲಕ್ಕೆ ಮೂರು, ಒಟ್ಟು ಆರು ಬಾರ್. ಹೇಗೆ ಬರೆದರೂ ಸೋಡಾ ಆರಕ್ಕೇ ಏರುತ್ತಿತ್ತು. ಬರೆದದ್ದಕ್ಕೆ ತಕ್ಕ ಸಂಖ್ಯೆಯನ್ನು ಹಾಕದವನು ನಾನು.

ವಾರದ ಮೇಲೆ ಶರಣಪ್ಪನಿಗೆ ಮಾತು ಬಂತು. ನನ್ನನ್ನು ಬೈಯಲಿಲ್ಲ, ಒಂದೇ ಮಾತು ಕೇಳಿದ.

"ಮೀಟರ್ ಖರೇನೇ ಹೇಳಾಕತ್ತಿತ್ತಲ್ರಿ, ಸಾಹೇಬ್ರ?"

ಹೌದು ಎಂದೆ. ತನಿಖೆಯಲ್ಲಿಯೂ ಅದನ್ನೇ ಬರೆದುಕೊಟ್ಟು ಕೆಲಸ ಬಿಟ್ಟೆ. ಕಾಗದಕ್ಕೂ ಮುಳ್ಳಿಗೂ ತಾಳೆಯಾಗದಿದ್ದರೆ ಮೊದಲು ಸ್ಟೀಮ್ ನಿಲ್ಲಿಸಬೇಕು, ಆಮೇಲೆ ಕಾಗದ ನೋಡಬೇಕು. ಇಷ್ಟು ಕಲಿಯಲು ನಾನು ಕೊಟ್ಟದ್ದು ಎರಡು ಹಲ್ಲು. ಶರಣಪ್ಪ ಕೊಟ್ಟದ್ದು ತನ್ನ ಬಲಗೈ.