ಚೀಲದ ತಳದ ವೈಫೈ

ಯಾವ ವಸ್ತುವನ್ನೂ ಪರೀಕ್ಷಿಸಿ ಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮೊನ್ನೆ ಬೆಳಿಗ್ಗೆ ಹತ್ತೂ ಮುಕ್ಕಾಲಿನವರೆಗೂ ಇತ್ತು.

ಬೇಗಂ ಬಜಾರಿನಲ್ಲಿ ಬರಿಗೈಯಿಂದ ಸ್ಟೀಲ್ ಪಾತ್ರೆಗಳ ಅಂಗಡಿ ಕಟ್ಟಿದವನು ನಾನು. ಕೇಳಲಿ ಬಿಡಲಿ, ಕಂಡವರಿಗೆಲ್ಲ ಒಂದು ಬುದ್ಧಿಮಾತು ಹೇಳುತ್ತೇನೆ: ಅಕ್ಕಿ ಕೊಳ್ಳುವಾಗ ಚೀಲದ ಬಾಯಲ್ಲಿರುವ ಕಾಳು ನೋಡಬೇಡಿ, ಮೊಳಕೈವರೆಗೆ ಕೈ ಇಳಿಸಿ ತಳದ ಹಿಡಿ ತೆಗೆಯಿರಿ. ಕಣ್ಣಿಗೆ ಕಂಡದ್ದೊಂದೇ ಸಾಲದು ಎಂದು ನಮ್ಮ ತರ್ಕಶಾಸ್ತ್ರದವರು ನಿಜ ತಿಳಿಯುವ ದಾರಿಗಳ, ಅಂದರೆ ಪ್ರಮಾಣಗಳ, ಪಟ್ಟಿಯನ್ನೇ ಮಾಡಿದ್ದಾರಂತೆ. ಅವರೂ ಯಾವುದೋ ಸಂತೆಯಲ್ಲಿ ಮೋಸಹೋದವರೇ ಇರಬೇಕು.

ಹೊಸ ರೌಟರ್ ತಂದದ್ದು ಹೆಂಡತಿ ವಿಜಯಾಳಿಗಾಗಿ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವಳನ್ನು, ಮನೆ ಯಾರು ನೋಡಬೇಕು ಎಂದು ಹತ್ತು ವರ್ಷಗಳ ಹಿಂದೆ ಕೆಲಸ ಬಿಡಿಸಿದವನು ನಾನೇ. ಈಗ ಮತ್ತೆ ಕರೆ ಬಂದಿತ್ತು. ಹನ್ನೊಂದಕ್ಕೆ ವಿಡಿಯೋದಲ್ಲಿ ಸಂದರ್ಶನ. ಇದು ತಪ್ಪಿದರೆ ಇನ್ಯಾರೂ ಕರೆಯುವುದಿಲ್ಲವೆಂದು ಅವಳು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ನಾನು ಚೌಕಾಸಿ ಮಾಡಿ, ರೌಟರಿನ ಜೊತೆ ಒಂದು ಮೊಬೈಲ್ ಸ್ಟ್ಯಾಂಡನ್ನೂ ಪುಕ್ಕಟೆ ಪಡೆದು ತಂದೆ. ಮುಂದಿನ ಹಾಲ್‌ನಲ್ಲಿ ಜೋಡಿಸಿ, ಅದರ ಮುಂದೆಯೇ ನಿಂತು ಮೂರು ಸಲ ವೇಗ ನೋಡಿದೆ. ಭರ್ಜರಿಯಾಗಿತ್ತು. ಷಡ್ಡಕನಿಗೆ ಫೋಟೋ ಕೂಡ ಕಳಿಸಿದೆ.

ಆದರೆ ಮಲ್ಕಾಜ್‌ಗಿರಿಯ ನಮ್ಮ ಹಾಲಿಗೆ ರೈಲಿನ ಸದ್ದು ನೇರ ನುಗ್ಗುತ್ತದೆ. ಅದಕ್ಕೇ ವಿಜಯಾ ಹಿಂದಿನ ಕೋಣೆಯಲ್ಲಿ ಕೂತು, ಪ್ರಯೋಗಕ್ಕೆಂದು ಅಕ್ಕನಿಗೆ ವಿಡಿಯೋ ಕರೆ ಮಾಡಿದಳು.

"ರೀ! ಅಕ್ಕನ ಬಾಯಿ ತೆರಕೊಂಡು ಹಂಗ ನಿಂತೈತಿ! ಮಾತs ಬರಾಕತ್ತಿಲ್ಲ!"

"ನಾ ಮೂರು ಸಲ ನೋಡೀನಲ್ಲ?"

"ಎಲ್ಲಿ ನಿಂತು ನೋಡಿದ್ರಿ?"

"ರೌಟರ್ ಮುಂದ."

"ಅಂದ್ರ ಚೀಲದ ಬಾಯಾಗಿನ ಕಾಳು ನೋಡಿ ಬಂದೀರಿ. ಊರಿಗೆಲ್ಲ ಶಾಣ್ಯಾತನ ಹೇಳೋರು!"

ಮೊಬೈಲ್ ಹಿಡಿದು ಅವಳು ಹಾಲಿನಿಂದ ಹೆಜ್ಜೆ ಹೆಜ್ಜೆಗೂ ನಿಂತು ವೇಗ ಅಳೆಯುತ್ತ ಬಂದಳು. ಮನೆಯೊಳಗೆ ನಡುವಿನ ಓಣಿಯವರೆಗೆ ಸರಿ. ಅಲ್ಲಿ ಅಂಗಡಿಯಲ್ಲಿ ಜಾಗವಿಲ್ಲದೆ ನಾನು ಸೂರಿನವರೆಗೆ ಪೇರಿಸಿಟ್ಟ ಸ್ಟೀಲ್ ಡ್ರಮ್ಮುಗಳನ್ನು ದಾಟಿದ್ದೇ ತಡ, ವೇಗ ಪಾತಾಳಕ್ಕೆ.

"ನಿಮ್ಮ ಡ್ರಮ್ಮs ಅಡ್ಡ ನಿಂತಾವ. ತಗೀರಿ!"

ಹನ್ನೆರಡು ನಿಮಿಷ ಉಳಿದಿತ್ತು. ಒಂದೊಂದನ್ನೇ ತಬ್ಬಿಕೊಂಡು ಮೆಟ್ಟಿಲಿಗೆ ಸಾಗಿಸಿದೆ. ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್ ತೆಲುಗಿನಲ್ಲಿ ಕೇಳಿದರು. ನಾನು ಮುಂದಿನ ಡ್ರಮ್ಮಿಗೆ ಓಡಿದೆ. ಎರಡು ನಿಮಿಷ ಇದೆ ಎನ್ನುವಾಗ ಅಕ್ಕನ ಬಾಯಿ ಮುಚ್ಚಿತು, ಮತ್ತೆ ತೆರೆಯಿತು. ವಿಜಯಾ ಬಾಗಿಲು ಹಾಕಿಕೊಂಡಳು.

ಡ್ರಮ್ಮುಗಳ ನಡುವೆ ಮೆಟ್ಟಿಲ ಮೇಲೆ ಕೂತೆ. ವ್ಯಾಪಾರದಲ್ಲಿ ಎಂದೂ ಹಾಗೆ ಬೆವರಿದವನಲ್ಲ. ಮುಕ್ಕಾಲು ಗಂಟೆಯ ನಂತರ ಅವಳು ಹೊರಬಂದಳು.

"ಒಂದು ವಸ್ತು ಹೆಂಗ ಟೆಸ್ಟ್ ಮಾಡ್ತೀರಿ ಅಂತ ಕೇಳಿದ್ರು. ಬಳಸೋರು ಕೂಡ್ರೋ ಜಾಗಕ್ಕ ಹೋಗಿ ನೋಡ್ತೀನಿ ಅಂದೆ. ನಿಮ್ಮ ಕಥೀನೂ ಹೇಳಿಬಿಟ್ಟೆ."

"ಏನಂದ್ರು?"

"ಭಾಳ ನಕ್ರು. ಸೋಮವಾರದಿಂದ ಬರ್ರಿ ಅಂದ್ರು."

ನಿಮಗೂ ಹೇಳುತ್ತೇನೆ, ಕೇಳಿ. ಮನೆಯಲ್ಲಿ ವೈಫೈ ಸಾಲದೆಂದು ಅಂಗಡಿಗೆ ಓಡುವ ಮೊದಲು, ದಾರಿಯಲ್ಲಿ ನೀವು ಏನನ್ನು ಪೇರಿಸಿಟ್ಟಿದ್ದೀರಿ ನೋಡಿಕೊಳ್ಳಿ. ನನಗದು ಕಾಣಲು ಹತ್ತು ವರ್ಷ ಹಿಡಿಯಿತು. ತೆಗೆಯಲು ಹತ್ತೇ ನಿಮಿಷ.